ಕಾರ್ಖಾನೆಯ ಹುಡುಗಿಯರಿಗೆ ಓಟು ಯಾಕೆ ಬೇಕಿತ್ತು?

ಪ್ರಶ್ನೆ: ಅಮೆರಿಕದ ಹೆಂಗಸರಿಗೆ 1920ರಲ್ಲಿ ಮತದಾನದ ಹಕ್ಕು ಸಿಕ್ಕಿತು ಅಂತ ಓದಿದ್ದೇನೆ. ಆ ಹೋರಾಟದ ಫೋಟೊಗಳಲ್ಲಿ ಬಿಳಿ ಉಡುಪು ತೊಟ್ಟ ಅನುಕೂಲಸ್ಥ ಮನೆಯ ಹೆಂಗಸರೇ ಕಾಣುತ್ತಾರೆ. ಅದೇ ಕಾಲದಲ್ಲಿ ಲಕ್ಷಗಟ್ಟಲೆ ಹೆಂಗಸರು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರಲ್ಲ, ಅವರಿಗೂ ಈ ಹೋರಾಟಕ್ಕೂ ಸಂಬಂಧ ಇತ್ತಾ? ಹೊಟ್ಟೆಪಾಡಿಗೆ ದುಡಿಯುವವರಿಗೆ ಕೂಲಿ ತಾನೇ ಮುಖ್ಯ, ಓಟು ಯಾಕೆ? ಮತ್ತೆ 1920ರಲ್ಲಿ ನಿಜವಾಗಿಯೂ ಎಲ್ಲರಿಗೂ ಓಟು ಸಿಕ್ಕಿತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲ, ಎಲ್ಲರಿಗೂ ಸಿಗಲಿಲ್ಲ. ಅದರ ವಿವರ ಆಮೇಲೆ. ಉಳಿದ ಎರಡು ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಾವು ಮೆರವಣಿಗೆಯ ಫೋಟೊ ಬಿಟ್ಟು ನ್ಯೂಯಾರ್ಕಿನ ಹೊಲಿಗೆ ಕಾರ್ಖಾನೆಗಳಿಗೆ ಹೋಗಬೇಕು.

ನೀವು ನೋಡಿದ್ದು ಬಹುಶಃ 1913ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ನಡೆದ ಮೆರವಣಿಗೆಯ ಫೋಟೊ. ಬಿಳಿ ಕುದುರೆ ಏರಿ ಎಲ್ಲರಿಗಿಂತ ಮುಂದೆ ಹೋಗುತ್ತಿರುವವರು ವಕೀಲೆ ಇನೆಜ್ ಮಿಲ್‌ಹಾಲಂಡ್. ಒಳ್ಳೆಯ ಫೋಟೊ, ಪುಸ್ತಕಗಳಲ್ಲಿ ಪದೇ ಪದೇ ಅಚ್ಚಾಗಿದೆ. ಆದರೆ ಇದೇ ಮಿಲ್‌ಹಾಲಂಡ್ ಮೂರು ವರ್ಷ ಮುಂಚೆ ಹೊಲಿಗೆ ಹುಡುಗಿಯರ ಮುಷ್ಕರಕ್ಕೆ ಬೆಂಬಲವಾಗಿ ಬೀದಿಗೆ ಇಳಿದು ಪೊಲೀಸರ ಕೈಗೆ ಸಿಕ್ಕಿದ್ದರು. ಆ ಮುಷ್ಕರದ ಫೋಟೊಗಳು ಅಷ್ಟಾಗಿ ಕಾಣಸಿಗುವುದಿಲ್ಲ. ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅದರಿಂದ ಅಂತ ನನ್ನ ಅನಿಸಿಕೆ.

1890ರಿಂದ 1920ರವರೆಗಿನ ಕಾಲವನ್ನು ಅಮೆರಿಕದ ಇತಿಹಾಸದಲ್ಲಿ ಪ್ರಗತಿಪರ ಯುಗ ಅಂತ ಕರೆಯುತ್ತಾರೆ. ಆಗ ನ್ಯೂಯಾರ್ಕಿನಲ್ಲಿ ಶರ್ಟ್‌ವೇಸ್ಟ್ ಅನ್ನುವ ಉಡುಪಿಗೆ ಭಾರಿ ಬೇಡಿಕೆ. ಗಂಡಸರ ಶರ್ಟಿನ ಹಾಗೆ ಹೊಲಿದ ಹೆಂಗಸರ ಬ್ಲೌಸ್ ಅದು. ಆಫೀಸಿಗೆ, ಅಂಗಡಿಗೆ ಕೆಲಸಕ್ಕೆ ಹೋಗುವ ಹೊಸ ಕಾಲದ ಹುಡುಗಿಯರು ತೊಡುತ್ತಿದ್ದರು. ಅದನ್ನು ಹೊಲಿಯುತ್ತಿದ್ದವರೂ ಹುಡುಗಿಯರೇ. ಹೆಚ್ಚಿನವರು ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿಗಳು, ಇಟಲಿಯಿಂದ ಬಂದವರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಸೀಸನ್ ಇದ್ದಾಗ ಭಾನುವಾರವೂ ಕೆಲಸ. ಸೀಸನ್ ಮುಗಿದರೆ ಮನೆಯಲ್ಲಿ ಕೂರಬೇಕು.

ಕೂಲಿ ಕಮ್ಮಿ ಅನ್ನುವುದು ಒಂದು ಕಷ್ಟ. ಕೈಗೆ ಬರುವ ಮೊದಲೇ ಅದು ಕರಗುತ್ತಿತ್ತು ಅನ್ನುವುದು ಇನ್ನೊಂದು. ಎಷ್ಟೋ ಕಡೆ ಸೂಜಿಗೆ ದುಡ್ಡು ಹಿಡಿಯುತ್ತಿದ್ದರು, ದಾರಕ್ಕೆ ಹಿಡಿಯುತ್ತಿದ್ದರು, ಮಷಿನ್ ಓಡಿಸುವ ಕರೆಂಟಿಗೂ ಹಿಡಿಯುತ್ತಿದ್ದರು. ಐದು ನಿಮಿಷ ತಡವಾದರೆ ದಂಡ. ಸಂಜೆ ಮನೆಗೆ ಹೊರಟಾಗ ಒಂದೇ ಬಾಗಿಲಿನಿಂದ ಒಬ್ಬೊಬ್ಬರಾಗಿ ಹೋಗಬೇಕು, ಚೀಲ ಬಿಚ್ಚಿ ತೋರಿಸಬೇಕು. ಬಟ್ಟೆಯ ತುಂಡು ಕದ್ದಾರು ಅನ್ನುವ ಅನುಮಾನ. ಉಳಿದ ಬಾಗಿಲಿಗೆ ಬೀಗ. ಈ ಬೀಗದ ವಿಷಯ ನೆನಪಿನಲ್ಲಿಡಿ.

1909ರ ನವೆಂಬರ್ 22ರ ರಾತ್ರಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಈ ಹುಡುಗಿಯರ ಸಭೆ ಸೇರಿತು. ಒಂದೆರಡು ಕಾರ್ಖಾನೆಗಳಲ್ಲಿ ಆಗಲೇ ಮುಷ್ಕರ ನಡೆಯುತ್ತಿತ್ತು. ಎಲ್ಲ ಕಾರ್ಖಾನೆಗಳಲ್ಲೂ ಕೆಲಸ ನಿಲ್ಲಿಸಬೇಕೋ ಬೇಡವೋ ಅಂತ ಚರ್ಚೆ. ವೇದಿಕೆ ಮೇಲಿದ್ದ ದೊಡ್ಡ ಮುಖಂಡರು ಎರಡು ಗಂಟೆ ಹೊತ್ತು ಮಾತಾಡಿದರು. ಎಚ್ಚರಿಕೆಯಿಂದಿರಿ, ಯೋಚಿಸಿ ಹೆಜ್ಜೆ ಇಡಿ ಅಂತೆಲ್ಲ ಹೇಳಿದರು. ಆಗ ಸಭೆಯ ನಡುವಿನಿಂದ 23 ವರ್ಷದ ಕ್ಲಾರಾ ಲೆಮ್ಲಿಕ್ ಎದ್ದು ತನಗೂ ಮಾತಾಡಲು ಬಿಡಿ ಅಂದಳು. ಕೆಲವು ವಾರಗಳ ಹಿಂದಷ್ಟೇ ಬಾಡಿಗೆ ಗೂಂಡಾಗಳು ಹೊಡೆದು ಅವಳ ಪಕ್ಕೆಲುಬು ಮುರಿದಿದ್ದರು. ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾದ ಯಿಡ್ಡಿಶ್ ಭಾಷೆಯಲ್ಲಿ ಅವಳು ಹೇಳಿದ್ದರ ಸಾರ ಇಷ್ಟು: ಎಲ್ಲರ ಮಾತೂ ಕೇಳಿದ್ದಾಯಿತು, ಇನ್ನು ಕೇಳುವ ತಾಳ್ಮೆ ಇಲ್ಲ, ಈಗಲೇ ಸಾರ್ವತ್ರಿಕ ಮುಷ್ಕರಕ್ಕೆ ಹೋಗೋಣ. ಸಭೆ ಎದ್ದು ನಿಂತು ಒಪ್ಪಿತು. ಬಲಗೈ ಎತ್ತಿ ಎಲ್ಲರೂ ಹಳೆಯ ಯಹೂದಿ ಮಾದರಿಯ ಆಣೆ ಮಾಡಿದರು: ನಾನು ಈ ಮಾತಿಗೆ ದ್ರೋಹ ಬಗೆದರೆ ಎತ್ತಿದ ಈ ಕೈ ಒಣಗಿ ಹೋಗಲಿ.

ಮುಷ್ಕರಕ್ಕೆ 20,000ಕ್ಕೂ ಹೆಚ್ಚು ಜನ ಇಳಿದರು. ಹೆಚ್ಚಿನವರು ಹೆಂಗಸರು. ಚಳಿಗಾಲದಲ್ಲಿ ಶುರುವಾದದ್ದು 1910ರ ಫೆಬ್ರವರಿಯವರೆಗೆ ನಡೆಯಿತು. 700ಕ್ಕೂ ಹೆಚ್ಚು ಬಂಧನಗಳಾದವು.

ಓಟಿನ ವಿಷಯ ಬರುವುದೇ ಇಲ್ಲಿ. ಕಾರ್ಖಾನೆ ಎದುರು ಸುಮ್ಮನೆ ನಡೆದಾಡುತ್ತಿದ್ದ ಹುಡುಗಿಯರನ್ನು ಪೊಲೀಸರು ಎಳೆದುಕೊಂಡು ಹೋಗುತ್ತಿದ್ದರು. ಹೊಡೆದ ಗೂಂಡಾಗಳನ್ನು ಮುಟ್ಟುತ್ತಿರಲಿಲ್ಲ. ಕೋರ್ಟಿಗೆ ತಂದರೆ ಮ್ಯಾಜಿಸ್ಟ್ರೇಟರು ದಂಡ ಹಾಕಿ ಬಯ್ದು ಕಳಿಸುತ್ತಿದ್ದರು. ನೀವು ಮುಷ್ಕರ ಹೂಡಿರುವುದು ದೇವರ ವಿರುದ್ಧ ಅಂತ ಒಬ್ಬ ಮ್ಯಾಜಿಸ್ಟ್ರೇಟ್ ಒಬ್ಬ ಹುಡುಗಿಗೆ ಹೇಳಿದ್ದು ಪ್ರಸಿದ್ಧ. ಈ ಮ್ಯಾಜಿಸ್ಟ್ರೇಟರನ್ನು ನೇಮಿಸುವವನು ಮೇಯರ್. ಪೊಲೀಸ್ ಇಲಾಖೆ ಮೇಯರ್ ಕೈಯಲ್ಲಿ. ಮೇಯರ್‌ನನ್ನು ಆರಿಸುವವರು ಗಂಡಸರು ಮಾತ್ರ. ಈ ಹುಡುಗಿಯರ ಹಣೆಬರಹ ಬರೆಯುತ್ತಿದ್ದ ಯಾರಿಗೂ ಇವರ ಹತ್ತಿರ ಬಂದು ಓಟು ಕೇಳುವ ಅಗತ್ಯವೇ ಇರಲಿಲ್ಲ. ಕೂಲಿ ಜಾಸ್ತಿ ಮಾಡಿ ಅಂತ ಮಾಲೀಕನ ಹತ್ತಿರ ಜಗಳ ಆಡಬಹುದು. ಪೊಲೀಸ್ ಲಾಠಿ ಬೀಸಿದಾಗ, ಮ್ಯಾಜಿಸ್ಟ್ರೇಟ್ ಜೈಲಿಗೆ ಕಳಿಸಿದಾಗ ಯಾರ ಹತ್ತಿರ ಜಗಳ ಆಡುವುದು?

ಶ್ರೀಮಂತ ಮನೆಯ ಹೆಂಗಸರು ಈ ಮುಷ್ಕರಕ್ಕೆ ಕೈಜೋಡಿಸಿದ್ದೂ ನಿಜ. ಮತದಾನ ಚಳವಳಿಗೆ ಹಣ ಸುರಿಯುತ್ತಿದ್ದ ಆಲ್ವಾ ಬೆಲ್ಮಾಂಟ್ ರಾತ್ರಿ ಕೋರ್ಟಿನಲ್ಲಿ ಕೂತು, ಬಂಧಿತ ಹುಡುಗಿಯರಿಗೆ ತನ್ನ ಬಂಗಲೆಯನ್ನೇ ಜಾಮೀನಾಗಿ ಕೊಟ್ಟರು. ಇಂಥವರನ್ನು ಪತ್ರಿಕೆಗಳು ದುಬಾರಿ ತುಪ್ಪಳದ ಕೋಟಿನವರು ಅಂತ ಆಡಿಕೊಂಡವು. ಮುಷ್ಕರದ ಮುಖಂಡರಿಗೂ ಇವರ ಬಗ್ಗೆ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಒಂದು ಲಾಭವಾಯಿತು. ಶ್ರೀಮಂತ ಹೆಂಗಸರು ಪಕ್ಕದಲ್ಲಿದ್ದಾಗ ಪೊಲೀಸರ ಕೈ ಸ್ವಲ್ಪ ಹಿಡಿತದಲ್ಲಿರುತ್ತಿತ್ತು. ಎರಡು ಕಡೆಯವರನ್ನೂ ಒಂದೇ ಸೂರಿನಡಿ ತರಲು 1903ರಲ್ಲೇ ವಿಮೆನ್ಸ್ ಟ್ರೇಡ್ ಯೂನಿಯನ್ ಲೀಗ್ ಅನ್ನುವ ಸಂಸ್ಥೆ ಹುಟ್ಟಿತ್ತು. ಅದರೊಳಗೂ ಮನಸ್ತಾಪಗಳಿದ್ದವು. ಕೆಲಸ ಮಾತ್ರ ನಡೆಯಿತು.

ನೂರಾರು ಸಣ್ಣ ಕಾರ್ಖಾನೆಗಳು ಯೂನಿಯನ್ ಜೊತೆ ಒಪ್ಪಂದಕ್ಕೆ ಬಂದವು. ಒಪ್ಪದೆ ಉಳಿದವುಗಳಲ್ಲಿ ದೊಡ್ಡದು ಟ್ರಯಾಂಗಲ್ ಕಂಪನಿ. ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಹತ್ತು ಮಹಡಿಯ ಕಟ್ಟಡ. ಮೇಲಿನ ಮೂರು ಮಹಡಿ ಟ್ರಯಾಂಗಲ್‌ನದು.

1911ರ ಮಾರ್ಚ್ 25, ಶನಿವಾರ. ಸಂಜೆ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಕೆಲಸ ಬಿಡುವ ಸಮಯ. ಎಂಟನೇ ಮಹಡಿಯಲ್ಲಿ ಕಟಿಂಗ್ ಟೇಬಲ್ಲಿನ ಕೆಳಗೆ ಬಟ್ಟೆಯ ಚೂರು ತುಂಬಿಟ್ಟಿದ್ದ ಪೆಟ್ಟಿಗೆಗೆ ಬೆಂಕಿ ತಗಲಿತು. ತೆಳು ಹತ್ತಿ ಬಟ್ಟೆ, ಮೇಲೆ ತಂತಿಯಲ್ಲಿ ನೇತುಹಾಕಿದ ಕಾಗದದ ನಮೂನೆಗಳು. ಕ್ಷಣದಲ್ಲಿ ಹಬ್ಬಿತು. ಎಂಟನೇ ಮಹಡಿಯವರು ಹತ್ತನೇ ಮಹಡಿಯ ಆಫೀಸಿಗೆ ಫೋನ್ ಮಾಡಿ ತಿಳಿಸಿದರು. ಮಾಲೀಕರಿಬ್ಬರೂ ಅಲ್ಲೇ ಇದ್ದರು. ಅವರು ಚಾವಣಿಗೆ ಹತ್ತಿ ಪಾರಾದರು. ಪಕ್ಕದ ಕಟ್ಟಡದಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿಗಳು ಏಣಿ ಇಳಿಬಿಟ್ಟು ಚಾವಣಿ ಮೇಲಿದ್ದವರನ್ನು ಎಳೆದುಕೊಂಡರು. ನಡುವಿನ ಒಂಬತ್ತನೇ ಮಹಡಿಗೆ ಸುದ್ದಿಯೇ ಮುಟ್ಟಲಿಲ್ಲ. ಅಲ್ಲಿದ್ದವರಿಗೆ ಬೆಂಕಿ ಬಂದದ್ದು ಗೊತ್ತಾದದ್ದು ಬೆಂಕಿ ಬಂದ ಮೇಲೆಯೇ.

ಒಂಬತ್ತನೇ ಮಹಡಿಯಲ್ಲಿ ಗ್ರೀನ್ ಸ್ಟ್ರೀಟ್ ಕಡೆಯ ಮೆಟ್ಟಿಲಿಗೆ ಬೆಂಕಿ ಆವರಿಸಿತು. ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಓಡಿದರೆ ಬೀಗ. ಹಿಂಬದಿಯ ಫೈರ್ ಎಸ್ಕೇಪ್, ಅಂದರೆ ಬೆಂಕಿ ಬಂದಾಗ ಇಳಿಯಲು ಗೋಡೆಗೆ ಜೋಡಿಸಿದ ಕಬ್ಬಿಣದ ಮೆಟ್ಟಿಲು, ಜನರ ಭಾರಕ್ಕೆ ಕಿತ್ತು ಬಿತ್ತು. ಲಿಫ್ಟ್ ಓಡಿಸುತ್ತಿದ್ದ ಜೋಸೆಫ್ ಝೀಟೊ ಮತ್ತು ಗ್ಯಾಸ್ಪರ್ ಮೊರ್ಟಿಲ್ಲಾರೊ ಹೊಗೆಯೊಳಗೆ ಮತ್ತೆ ಮತ್ತೆ ಮೇಲೆ ಹೋಗಿ ಹಿಡಿದಷ್ಟು ಜನರನ್ನು ಇಳಿಸಿದರು. ಎಷ್ಟೋ ಜೀವ ಉಳಿದದ್ದು ಈ ಇಬ್ಬರಿಂದ. ಕೊನೆಗೆ ಲಿಫ್ಟೂ ನಿಂತಿತು. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗೆ ಮಾತ್ರ ಮುಟ್ಟುತ್ತಿತ್ತು. ಹುಡುಗಿಯರು ಕಿಟಕಿಯಿಂದ ಜಿಗಿದರು. ಕೆಲವರು ಕೈ ಕೈ ಹಿಡಿದುಕೊಂಡು ಜಿಗಿದರು. ಬಲೆ ಹಿಡಿದು ನಿಂತವರ ಬಲೆ ಹರಿದು ಹೋಯಿತು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. ಸತ್ತವರು 146 ಜನ, ಅದರಲ್ಲಿ 123 ಹೆಂಗಸರು ಮತ್ತು ಹುಡುಗಿಯರು. ತೀರಾ ಚಿಕ್ಕವರಿಗೆ 14 ವರ್ಷ.

ಮಾಲೀಕರ ಮೇಲೆ ಮೊಕದ್ದಮೆ ನಡೆಯಿತು. ಬಾಗಿಲಿಗೆ ಬೀಗ ಹಾಕಿರುವುದು ಆ ಹೊತ್ತಿನಲ್ಲಿ ಅವರಿಗೆ ಗೊತ್ತಿತ್ತು ಅಂತ ಖಚಿತವಾಗಿ ಸಾಬೀತಾಗಬೇಕು ಅಂತ ನ್ಯಾಯಾಧೀಶರು ಜ್ಯೂರಿಗೆ ಸೂಚಿಸಿದರು. 1911ರ ಡಿಸೆಂಬರಿನಲ್ಲಿ ಇಬ್ಬರೂ ಬಿಡುಗಡೆಯಾದರು. ಜ್ಯೂರಿಯಲ್ಲಿ ಕೂತಿದ್ದವರು ಹನ್ನೆರಡು ಗಂಡಸರು. ಬೇರೆ ದಾರಿಯೂ ಇರಲಿಲ್ಲ, ನ್ಯೂಯಾರ್ಕಿನಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂರಲು ಅವಕಾಶ ಸಿಕ್ಕಿದ್ದು 1937ರಲ್ಲಿ. ಆಮೇಲಿನ ಸಿವಿಲ್ ದಾವೆಯಲ್ಲಿ ಒಂದು ಜೀವಕ್ಕೆ 75 ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ವಿಮೆ ಕಂಪನಿಗಳಿಂದ ಮಾಲೀಕರಿಗೆ ಬಂದ ಹಣ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. 1913ರಲ್ಲಿ ಅದೇ ಮಾಲೀಕರಲ್ಲೊಬ್ಬರು ಹೊಸ ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದರು. ದಂಡ 20 ಡಾಲರ್. ಇದನ್ನು ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬೆಂಕಿಯಾದ ಎಂಟನೇ ದಿನ, ಏಪ್ರಿಲ್ 2ರಂದು, ಮೆಟ್ರೊಪಾಲಿಟನ್ ಆಪೆರಾ ಹೌಸಿನಲ್ಲಿ ದೊಡ್ಡ ಸಭೆ. ಕೆಳಗಿನ ಒಳ್ಳೆಯ ಸೀಟುಗಳಲ್ಲಿ ನಗರದ ಗಣ್ಯರು, ಮೇಲಿನ ಗ್ಯಾಲರಿಗಳಲ್ಲಿ ಕಾರ್ಮಿಕರು. ಟೋಪಿ ಹೊಲಿಯುವ ಕೆಲಸದಿಂದ ಯೂನಿಯನ್ ಮುಖಂಡಳಾಗಿ ಬೆಳೆದ ರೋಸ್ ಶ್ನೈಡರ್‌ಮನ್ ಮಾತಾಡಿದರು. ದನಿ ತೀರಾ ಮೆಲ್ಲಗಿತ್ತಂತೆ. ಇಲ್ಲಿ ನಿಂತು ನಾನು ಸ್ನೇಹದ ಮಾತಾಡಿದರೆ ಸುಟ್ಟುಹೋದ ಆ ಬಡ ದೇಹಗಳಿಗೆ ದ್ರೋಹ ಮಾಡಿದ ಹಾಗೆ ಅಂದರು. ನೀವು ಸತ್ತವರ ತಾಯಂದಿರಿಗೆ ನಾಲ್ಕು ಕಾಸು ದಾನ ಕೊಡುತ್ತೀರಿ, ನಾವು ಬದುಕಲು ಬೀದಿಗಿಳಿದರೆ ಕಾನೂನಿನ ಕೈ ನಮ್ಮ ಮೇಲೆ ಬೀಳುತ್ತದೆ ಅಂತ ಗಣ್ಯರ ಮುಖಕ್ಕೇ ಹೇಳಿದರು. ಕಾರ್ಮಿಕರನ್ನು ಕಾರ್ಮಿಕರೇ ಕಾಪಾಡಿಕೊಳ್ಳಬೇಕು ಅನ್ನುವುದು ಅವರ ಕೊನೆಯ ಮಾತು. ಅಂದು ಅವರು ಹೇಳಿದ್ದು ಸಂಘಟನೆಯ ಬಗ್ಗೆ. ಆದರೆ ಇದೇ ಶ್ನೈಡರ್‌ಮನ್ ಮುಂದಿನ ವರ್ಷ ಓಟಿಗಾಗಿ ಊರೂರು ಸುತ್ತಿದರು.

ಯಾಕೆ ಅನ್ನುವುದಕ್ಕೆ ಆಮೇಲೆ ನಡೆದದ್ದನ್ನು ನೋಡಿ. ಬೆಂಕಿಯ ದಿನ ಹತ್ತಿರದಲ್ಲೇ ಸ್ನೇಹಿತೆಯ ಮನೆಗೆ ಟೀ ಕುಡಿಯಲು ಬಂದಿದ್ದ 30 ವರ್ಷದ ಫ್ರಾನ್ಸಿಸ್ ಪರ್ಕಿನ್ಸ್ ಗದ್ದಲ ಕೇಳಿ ಓಡಿ ಬಂದು, ಹುಡುಗಿಯರು ಜಿಗಿಯುವುದನ್ನು ಕಣ್ಣಾರೆ ಕಂಡರು. ಗ್ರಾಹಕರ ಸಂಘದಲ್ಲಿ ಕೆಲಸ ಮಾಡುತ್ತಿದ್ದ ಅವರು ಮುಂದೆ ನ್ಯೂಯಾರ್ಕ್ ರಾಜ್ಯ ನೇಮಿಸಿದ ಕಾರ್ಖಾನೆ ತನಿಖಾ ಆಯೋಗಕ್ಕೆ ದುಡಿದರು. ಆಯೋಗದ ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಪಕ್ಕಾ ರಾಜಕಾರಣಿಗಳು. ಪರ್ಕಿನ್ಸ್ ಅವರಿಗೆ ವರದಿ ಓದಿ ಹೇಳುತ್ತಾ ಕೂರಲಿಲ್ಲ, ಜಾಗಕ್ಕೇ ಕರೆದುಕೊಂಡು ಹೋದರು. ಹಗ್ಗದ ಕಾರ್ಖಾನೆಯಲ್ಲಿ ಹತ್ತು ಗಂಟೆಯ ರಾತ್ರಿ ಪಾಳಿ ಮುಗಿಸಿ ಬಿಳಿಚಿಕೊಂಡ ಮುಖದಲ್ಲಿ ಹೊರಬರುತ್ತಿದ್ದ ಹೆಂಗಸರನ್ನು ಸ್ಮಿತ್‌ಗೆ ತೋರಿಸಿದರು. ಫೈರ್ ಎಸ್ಕೇಪ್ ಅಂತ ಬೋರ್ಡು ಹಾಕಿದ್ದ ಗೋಡೆಯ ಸಣ್ಣ ಕಿಂಡಿಯಲ್ಲಿ ವ್ಯಾಗ್ನರ್ ತೆವಳಿಕೊಂಡು ಹೋಗುವಂತೆ ಮಾಡಿದರು. ಹೊರಗೆ ನೋಡಿದರೆ ಹಿಮ ಕಟ್ಟಿದ ಕಬ್ಬಿಣದ ಏಣಿ, ಅದೂ ನೆಲಕ್ಕೆ ಎಷ್ಟೋ ಅಡಿ ಮೇಲೆಯೇ ನಿಂತಿತ್ತು.

ಈ ಆಯೋಗದಿಂದಾಗಿ ಕೆಲವೇ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನು ಬಂದವು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕುವಂತಿಲ್ಲ, ಬೆಂಕಿ ಬಂದರೆ ಹೊರಬರುವ ಅಭ್ಯಾಸ ಮಾಡಿಸಬೇಕು, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾಕಿಸಬೇಕು, ಹೀಗೆ. ಒಂದು ಬಾಗಿಲಿನ ಬೀಗ ತೆಗೆಸಲು ಶಾಸನಸಭೆಯೇ ಬೇಕಾಯಿತು, ನೋಡಿ.

ಹೆಂಗಸರ ಕೆಲಸದ ಅವಧಿ ವಾರಕ್ಕೆ 54 ಗಂಟೆ ಮೀರಬಾರದು ಅನ್ನುವ ಮಸೂದೆಯ ಕಥೆಯನ್ನೂ ಹೇಳಬೇಕು. 1912ರಲ್ಲಿ ಅಧಿವೇಶನದ ಕೊನೆಯ ಗಳಿಗೆ. ಹಣ್ಣು ತರಕಾರಿ ಡಬ್ಬಿ ತುಂಬುವ ಕಾರ್ಖಾನೆಗಳನ್ನು ಹೊರಗಿಟ್ಟರೆ ಮಸೂದೆ ಒಪ್ಪುತ್ತೇವೆ ಅಂದರು ರಾಜ್ಯ ಶಾಸನಸಭೆಯ ಮೇಲ್ಮನೆಯಾದ ಸೆನೆಟಿನವರು. ಪರ್ಕಿನ್ಸ್ ಇದಕ್ಕೆ ಒಪ್ಪಲಾರರು, ಮಸೂದೆ ತಾನಾಗಿ ಬಿದ್ದುಹೋಗುತ್ತದೆ ಅನ್ನುವುದು ಅವರ ಲೆಕ್ಕ. ಪರ್ಕಿನ್ಸ್ ಒಪ್ಪಿಬಿಟ್ಟರು. ಸಿಕ್ಕಷ್ಟು ಸಿಗಲಿ ಅಂತ. ಆಗ ಓಟಿಗೆ ಜನ ಸಾಲದೆ, ಮನೆಗೆ ಹೋಗಲು ದೋಣಿ ಹತ್ತಲಿದ್ದ ಸೆನೆಟರ್ ಟಿಮ್ ಸಲ್ಲಿವನ್ ಅವರನ್ನು ವಾಪಸ್ ಕರೆಸಬೇಕಾಯಿತು. ಸಲ್ಲಿವನ್ ಹಳೆಯ ಹುಲಿ, ಹೆಸರು ಅಷ್ಟೇನೂ ಶುದ್ಧವಲ್ಲ. ಆದರೆ ಅವರ ಅಕ್ಕತಂಗಿಯರಲ್ಲೊಬ್ಬರು ಚಿಕ್ಕ ವಯಸ್ಸಿನಲ್ಲೇ ದುಡಿಯಲು ಹೋದವರಂತೆ. ಆ ನೆನಪಿನಲ್ಲಿ ಅವರು ಪರ್ಕಿನ್ಸ್ ಪಕ್ಕ ನಿಂತರು. ಮಸೂದೆ ಪಾಸಾಯಿತು.

ಚಂದದ ಕಥೆ, ಅಲ್ವಾ? ಆದರೆ ಇದರೊಳಗಿನ ಕಹಿ ಗಮನಿಸಿ. ಲಕ್ಷಾಂತರ ಹೆಂಗಸರ ದುಡಿಮೆಯ ಗಂಟೆಗಳು ತೀರ್ಮಾನವಾದದ್ದು ಒಬ್ಬ ಸೆನೆಟರ್‌ಗೆ ತನ್ನ ಅಕ್ಕನೋ ತಂಗಿಯೋ ನೆನಪಾದಳು ಅನ್ನುವುದರಿಂದ. ಮಸೂದೆ ಹೊತ್ತು ಓಡಾಡಿದ ಪರ್ಕಿನ್ಸ್‌ಗೇ ಓಟಿರಲಿಲ್ಲ. ಯಾರದೋ ಕರುಣೆಗೆ ಕಾಯುವ ಈ ಸ್ಥಿತಿ ಸಾಕು ಅಂತಲೇ ಕಾರ್ಖಾನೆಯ ಹೆಂಗಸರು ಓಟು ಕೇಳಿದ್ದು.

ಈ ತರ್ಕ ನ್ಯೂಯಾರ್ಕಿನಲ್ಲಿ ಏಕಾಏಕಿ ಹುಟ್ಟಿದ್ದಲ್ಲ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೊದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ಅನ್ನುವ ಮನೆ ತೆರೆದರು. ಓದಿದ ಹೆಂಗಸರು ಅಲ್ಲೇ ವಾಸವಿದ್ದು ಅಕ್ಕಪಕ್ಕದವರ ಜೊತೆ ಕೆಲಸ ಮಾಡುತ್ತಿದ್ದರು. ಶುರುವಿನಲ್ಲಿ ಶಿಶುವಿಹಾರ, ತರಗತಿ, ಸಂಗೀತ. ಬೇಗನೇ ಅವರಿಗೆ ಗೊತ್ತಾದ ಸಂಗತಿ ಏನೆಂದರೆ, ಮನೆಯೊಳಗೆ ಎಷ್ಟು ಗುಡಿಸಿದರೂ ಬೀದಿಯ ಕಸ ಎತ್ತದಿದ್ದರೆ ಮಕ್ಕಳು ಸಾಯುತ್ತವೆ. ಆಡಮ್ಸ್ ತಮ್ಮ ವಾರ್ಡಿನ ಕಸದ ಗುತ್ತಿಗೆಗೆ ಟೆಂಡರ್ ಹಾಕಿದರು. ತಾಂತ್ರಿಕ ಕಾರಣ ಹೇಳಿ ತಿರಸ್ಕರಿಸಿದರು. ಗಲಾಟೆಯಾದ ಮೇಲೆ 1895ರಲ್ಲಿ ಮೇಯರ್ ಅವರನ್ನೇ ಆ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಮಾಡಿದರು. ಬೆಳಿಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು. ಒಂದು ಓಣಿಯಲ್ಲಿ ಕಸ ಕೆರೆದು ತೆಗೆದಾಗ ಹದಿನೆಂಟು ಅಂಗುಲ ಕೆಳಗೆ ಕಲ್ಲು ಹಾಸಿನ ರಸ್ತೆ ಸಿಕ್ಕಿತಂತೆ. ಅಲ್ಲೊಂದು ರಸ್ತೆ ಇತ್ತು ಅನ್ನುವುದನ್ನೇ ಜನ ಮರೆತಿದ್ದರು. ನಗರವೂ ಒಂದು ದೊಡ್ಡ ಮನೆ, ಅದರ ನೀರು, ಹಾಲು, ಕಸ, ಶಾಲೆ ಎಲ್ಲ ಹೆಂಗಸರು ನೋಡಿಕೊಂಡು ಬಂದ ಕೆಲಸವೇ, ಹಾಗಿದ್ದ ಮೇಲೆ ಓಟು ಯಾಕಿಲ್ಲ ಅಂತ ಅವರು ವಾದಿಸಿದರು. ಮನೆ ಬಿಟ್ಟು ಹೊರಬರಬೇಡಿ ಅನ್ನುತ್ತಿದ್ದವರಿಗೆ ಈ ವಾದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ನನಗೆ ಆಡಮ್ಸ್‌ಗಿಂತಲೂ ಫ್ಲಾರೆನ್ಸ್ ಕೆಲ್ಲಿ ಹೆಚ್ಚು ಇಷ್ಟ. ಗಂಡನ ಹೊಡೆತ ತಾಳಲಾರದೆ ಮೂವರು ಮಕ್ಕಳ ಜೊತೆ ಷಿಕಾಗೊಗೆ ಬಂದು 1891ರ ಕೊನೆಯಲ್ಲಿ ಹಲ್ ಹೌಸ್ ಸೇರಿದವರು. ಕತ್ತಲೆ ಕೋಣೆಗಳಲ್ಲಿ ನಡೆಯುತ್ತಿದ್ದ ಹೊಲಿಗೆ ಕೆಲಸವನ್ನು ಮನೆಮನೆಗೆ ಹೋಗಿ ನೋಡಿ ವರದಿ ಮಾಡಿದರು. ಅದರಿಂದಾಗಿ 1893ರಲ್ಲಿ ಇಲಿನಾಯ್ ರಾಜ್ಯ ಕಾರ್ಖಾನೆ ಕಾನೂನು ತಂದಿತು. ಹೆಂಗಸರಿಗೆ ದಿನಕ್ಕೆ ಎಂಟು ಗಂಟೆ. ಕೆಲ್ಲಿ ಅವರೇ ಮುಖ್ಯ ಇನ್ಸ್‌ಪೆಕ್ಟರ್ ಆದರು. ಸಿಡುಬು ಹರಡಿದಾಗ, ರೋಗಿ ಮಲಗಿದ್ದ ಕೋಣೆಯಲ್ಲೇ ಮಾರಾಟದ ಬಟ್ಟೆ ಹೊಲಿಯುತ್ತಿದ್ದ ಮನೆಗಳಿಗೆ ನುಗ್ಗಿದರು. 1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಂಟು ಗಂಟೆಯ ನಿಯಮವನ್ನು ರದ್ದು ಮಾಡಿತು.

1905ರಲ್ಲಿ ಮತದಾನ ಹಕ್ಕಿನ ಸಮ್ಮೇಳನಕ್ಕೆ ಹೋಗಿ ಕೆಲ್ಲಿ ಏನು ಮಾತಾಡಿದರು ಗೊತ್ತಾ? ಮಕ್ಕಳ ದುಡಿಮೆ. ಇವತ್ತು ರಾತ್ರಿ ನಾವು ಮಲಗಿರುವಾಗ ಸಾವಿರಾರು ಪುಟ್ಟ ಹುಡುಗಿಯರು ನಮಗಾಗಿ ಮಿಲ್ಲುಗಳಲ್ಲಿ ರಾತ್ರಿಯಿಡೀ ನೂಲು, ರಿಬ್ಬನ್ ನೇಯುತ್ತಿರುತ್ತಾರೆ ಅಂದರು. ಆ ರಾಜ್ಯಗಳ ತಾಯಂದಿರಿಗೂ ಟೀಚರುಗಳಿಗೂ ಓಟಿದ್ದಿದ್ದರೆ ಇದು ನಡೆಯುತ್ತಿತ್ತಾ ಅಂತ ಕೇಳಿದರು. ಸಭೆಗೆ ಬಂದಿದ್ದ ಅನುಕೂಲಸ್ಥ ಹೆಂಗಸರಿಗೆ ತಾವು ತೊಟ್ಟ ಬಟ್ಟೆಗೂ ತಾವು ಕೇಳುತ್ತಿದ್ದ ಓಟಿಗೂ ಇರುವ ನಂಟನ್ನು ಹೀಗೆ ಮುಟ್ಟಿಸಿದರು.

ಇನ್ನು 1912ರ ಏಪ್ರಿಲ್. ಮತ್ತೆ ಅದೇ ಕೂಪರ್ ಯೂನಿಯನ್ ಸಭಾಂಗಣ. ಓಟು ಹಾಕಿದರೆ ಹೆಂಗಸರ ಕೋಮಲತೆ, ಆಕರ್ಷಣೆ ಹಾಳಾಗುತ್ತದೆ ಅಂತ ನ್ಯೂಯಾರ್ಕಿನ ಒಬ್ಬ ಸೆನೆಟರ್ ಹೇಳಿದ್ದರು. ಇಂಥ ಒಬ್ಬೊಬ್ಬ ಸೆನೆಟರ್‌ನ ಮಾತಿಗೆ ಒಬ್ಬೊಬ್ಬ ಕಾರ್ಮಿಕ ಹೆಂಗಸು ಉತ್ತರ ಕೊಡುವ ಸಭೆ ಅದು. ನಡೆಸಿದವರಲ್ಲಿ ಮುಖ್ಯರಾದವರು ಲಿಯೊನೋರಾ ಓರೈಲಿ, ಕ್ಲಾರಾ ಲೆಮ್ಲಿಕ್ ಇದ್ದ ಕೂಲಿಗಾರ ಹೆಂಗಸರ ಮತದಾನ ಸಂಘದವರು. ಶ್ನೈಡರ್‌ಮನ್ ಎದ್ದು ಹೇಳಿದರು: ಎರಕದ ಕಾರ್ಖಾನೆಯ ಕಾವಿನಲ್ಲಿ ಅರೆಬೆತ್ತಲೆ ನಿಂತು ದುಡಿಯುವ ಹೆಂಗಸರ ಆಕರ್ಷಣೆ ಬಗ್ಗೆ ಸೆನೆಟರು ಯಾವತ್ತೂ ಮಾತಾಡಿದ್ದಿಲ್ಲ. ಲಾಂಡ್ರಿಯಲ್ಲಿ ಹದಿಮೂರು ಹದಿನಾಲ್ಕು ಗಂಟೆ ಹಬೆಯಲ್ಲಿ ನಿಂತು ಬಿಸಿ ಗಂಜಿಗೆ ಕೈ ಅದ್ದುವವರ ಬಗ್ಗೆಯೂ ಇಲ್ಲ. ಇಡೀ ವರ್ಷ ಅಲ್ಲಿ ನಿಂತು ಕಳೆದುಕೊಳ್ಳುವುದಕ್ಕಿಂತ ಹೆಚ್ಚಿನ ಅಂದವನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಗೆ ಓಟು ಹಾಕಿ ಯಾರೂ ಕಳೆದುಕೊಳ್ಳುವುದಿಲ್ಲ. ಮತದಾನ ಚಳವಳಿಯಲ್ಲಿ ಆಡಿದ ಮಾತುಗಳಲ್ಲಿ ಇದಕ್ಕಿಂತ ಮೊನಚಾದದ್ದನ್ನು ನಾನು ಓದಿಲ್ಲ.

ಫಲ ಏನಾಯಿತು? 1915ರಲ್ಲಿ ನಡೆದ ಜನಮತಗಣನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಗಂಡಸರು ಹೆಂಗಸರಿಗೆ ಓಟು ಬೇಡ ಅಂತ ತೀರ್ಪು ಕೊಟ್ಟರು. ಸಂಘಟಕರು ಮರುದಿನವೇ ಮತ್ತೆ ಕೆಲಸಕ್ಕಿಳಿದರು. ವಲಸಿಗರ ಕೇರಿಗಳಲ್ಲಿ ಮೆಟ್ಟಿಲು ಹತ್ತಿ ಇಳಿದರು. ಯಿಡ್ಡಿಶ್, ಇಟಾಲಿಯನ್ ಭಾಷೆಗಳಲ್ಲಿ ಕರಪತ್ರ ಹಂಚಿದರು. ನಮಗೆ ಓಟು ಬೇಕು ಅಂತ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ಸಹಿ ಸಂಗ್ರಹಿಸಿದರು. 1917ರ ನವೆಂಬರಿನಲ್ಲಿ ಮತ್ತೆ ಜನಮತಗಣನೆ ನಡೆದಾಗ ಗೆದ್ದರು. ರಾಜ್ಯದ ಉಳಿದ ಭಾಗದಲ್ಲಿ ಹೆಚ್ಚುಕಮ್ಮಿ ಸಮಸಮ. ಗೆಲುವಿನ ಸುಮಾರು ಒಂದು ಲಕ್ಷ ಓಟಿನ ಅಂತರ ಬಂದದ್ದು ನ್ಯೂಯಾರ್ಕ್ ನಗರದಿಂದ. ಮುಷ್ಕರ ನಡೆದ, ಬೆಂಕಿ ಕಂಡ ಆ ನಗರದಿಂದ. ಹೆಣ್ಣುಮಕ್ಕಳು ಕಾರ್ಖಾನೆಗೆ ಹೋಗುತ್ತಿದ್ದ ಮನೆಗಳ ಅಪ್ಪಂದಿರು, ಅಣ್ಣಂದಿರು ಈ ಸಲ ಹೂಂ ಅಂದಿದ್ದರು. ನಿಮ್ಮ ಪ್ರಶ್ನೆಗೆ ನಾನು ಕೊಡುವ ನೇರ ಉತ್ತರ ಇದೇ. ಆ ಹೊತ್ತಿಗೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ನ್ಯೂಯಾರ್ಕಿನ ಸದಸ್ಯರೇ 43 ಜನ. ಅವರೆಲ್ಲ ಇನ್ನು ಹೆಂಗಸರ ಓಟಿಗೆ ಉತ್ತರ ಹೇಳಬೇಕಾದವರು. 1918ರ ಜನವರಿಯಲ್ಲಿ ಕೆಳಮನೆಯಲ್ಲಿ, ದೇಶಕ್ಕೆಲ್ಲ ಹೆಂಗಸರಿಗೆ ಓಟು ಕೊಡುವ ಸಂವಿಧಾನದ ಹತ್ತೊಂಬತ್ತನೇ ತಿದ್ದುಪಡಿ ಪಾಸಾಯಿತು, ಪರ 274 ಮತ, ವಿರುದ್ಧ 136. ಮೂರನೇ ಎರಡರಷ್ಟು ಬೇಕಿತ್ತು, ಅಂಚಿನಲ್ಲಿ ದಾಟಿತು.

ಉಳಿದದ್ದು ನೀವು ಓದಿರುತ್ತೀರಿ. ಓಟಿನ ಹೋರಾಟಗಾರ್ತಿ ಆಲಿಸ್ ಪಾಲ್ ಮತ್ತು ಸಂಗಡಿಗರು 1917ರಲ್ಲಿ ಶ್ವೇತಭವನದ ಎದುರು ಫಲಕ ಹಿಡಿದು ನಿಂತದ್ದು, ಜೈಲಿನಲ್ಲಿ ಉಪವಾಸ ಕೂತಾಗ ಮೂಗಿಗೆ, ಬಾಯಿಗೆ ಕೊಳವೆ ತುರುಕಿ ಆಹಾರ ಸುರಿದದ್ದು. 1919ರ ಜೂನ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿದ್ದು. 1920ರ ಆಗಸ್ಟ್ 18ರಂದು ಟೆನೆಸಿ ರಾಜ್ಯದ ಶಾಸನಸಭೆಯಲ್ಲಿ 24 ವರ್ಷದ ಸದಸ್ಯ ಹ್ಯಾರಿ ಬರ್ನ್ ತನ್ನ ತಾಯಿಯ ಪತ್ರ ಜೇಬಿನಲ್ಲಿಟ್ಟುಕೊಂಡು ಬಂದು ಓಟು ಬದಲಾಯಿಸಿ, ತಿದ್ದುಪಡಿಗೆ ಬೇಕಿದ್ದ ಕೊನೆಯ ರಾಜ್ಯದ ಒಪ್ಪಿಗೆ ಸಿಕ್ಕಿದ್ದು. ಈ ಭಾಗ ಎಲ್ಲ ಪುಸ್ತಕಗಳಲ್ಲೂ ಇದೆ.

ಪುಸ್ತಕಗಳು ಅಷ್ಟಾಗಿ ಹೇಳದ ಇನ್ನೊಂದು ತೊಡಕಿದೆ. ಹೆಂಗಸರ ಕೆಲಸದ ಗಂಟೆ ಮಿತಿಗೊಳಿಸಲು ಸುಧಾರಕರು ಕೋರ್ಟಿನಲ್ಲಿ ಯಾವ ವಾದ ಮಂಡಿಸಿದರು ಅನ್ನುವುದು. 1908ರ ಮುಲ್ಲರ್ ಪ್ರಕರಣ ನೋಡಿ. ಆರೆಗಾನ್ ರಾಜ್ಯದ ಲಾಂಡ್ರಿ ಮಾಲೀಕನೊಬ್ಬ ಹತ್ತು ಗಂಟೆಯ ಮಿತಿಯನ್ನು ಪ್ರಶ್ನಿಸಿದ್ದ. ಕೆಲ್ಲಿ ಅವರ ಜೊತೆಗಾರ್ತಿ ಜೋಸೆಫೀನ್ ಗೋಲ್ಡ್‌ಮಾರ್ಕ್ ವೈದ್ಯರ, ಇನ್ಸ್‌ಪೆಕ್ಟರುಗಳ ವರದಿ ರಾಶಿ ಹಾಕಿದರು. ವಕೀಲ ಲೂಯಿ ಬ್ರಾಂಡೈಸ್ ನೂರಕ್ಕೂ ಹೆಚ್ಚು ಪುಟದ ವಾದಪತ್ರ ಸಲ್ಲಿಸಿದರು. ಅದರಲ್ಲಿ ಕಾನೂನಿನ ವಾದ ಬರೀ ಎರಡು ಪುಟ. ಗೆದ್ದರು. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿದ ಕಾರಣ ಏನು? ಹೆಂಗಸಿನ ದೇಹ ದುರ್ಬಲ, ಅವಳು ತಾಯಿಯಾಗುವವಳು, ಅವಳಿಗೆ ರಕ್ಷಣೆ ಬೇಕು ಅನ್ನುವುದು. ಗಂಡಸರ ಗಂಟೆ ಮಿತಿಗೊಳಿಸುವ ಕಾನೂನನ್ನು ಇದೇ ಕೋರ್ಟ್ 1905ರಲ್ಲಿ ರದ್ದು ಮಾಡಿತ್ತಾದ್ದರಿಂದ ಸುಧಾರಕರಿಗೆ ಬೇರೆ ಬಾಗಿಲು ಕಾಣಲಿಲ್ಲ. ಈ ವಾದ ಇಬ್ಬಾಯಿ ಖಡ್ಗವಾಯಿತು. ರಾತ್ರಿ ಪಾಳಿ ನಿಷೇಧ ಬಂದಾಗ ಅಚ್ಚುಕೂಟಗಳಲ್ಲಿ ಒಳ್ಳೆಯ ಸಂಬಳ ಪಡೆಯುತ್ತಿದ್ದ ಹೆಂಗಸರು ಕೆಲಸ ಕಳೆದುಕೊಂಡರು. 1923ರಲ್ಲಿ ಆಲಿಸ್ ಪಾಲ್ ಸಮಾನ ಹಕ್ಕುಗಳ ತಿದ್ದುಪಡಿ ಮುಂದಿಟ್ಟಾಗ, ರಕ್ಷಣೆಯ ಕಾನೂನುಗಳೆಲ್ಲ ಬಿದ್ದುಹೋಗುತ್ತವೆ ಅಂತ ಕೆಲ್ಲಿ ಅದನ್ನು ವಿರೋಧಿಸಿದರು. ಅದೇ ವರ್ಷ ಸುಪ್ರೀಂ ಕೋರ್ಟ್ ವಾಷಿಂಗ್ಟನ್‌ನಲ್ಲಿ ಹೆಂಗಸರಿಗಿದ್ದ ಕನಿಷ್ಠ ಕೂಲಿ ಕಾನೂನನ್ನು ಹೊಡೆದು ಹಾಕಿತು. ಕೊಟ್ಟ ಕಾರಣಗಳಲ್ಲಿ ಒಂದು: ಹೆಂಗಸರಿಗೆ ಈಗ ಓಟು ಸಿಕ್ಕಿದೆ, ಗಂಡಸರಿಗೂ ಅವರಿಗೂ ಇದ್ದ ವ್ಯತ್ಯಾಸ ಹೆಚ್ಚುಕಮ್ಮಿ ಅಳಿದುಹೋಗಿದೆ. ಯಾವುದಕ್ಕಾಗಿ ಓಟು ಕೇಳಿದ್ದರೋ ಅದನ್ನೇ ಕಿತ್ತುಕೊಳ್ಳಲು ಓಟನ್ನೇ ನೆಪ ಮಾಡಿಕೊಂಡರು. ಪಾಲ್ ಸರಿಯೋ ಕೆಲ್ಲಿ ಸರಿಯೋ ಅಂತ ಇಂದಿಗೂ ಚರ್ಚೆ ನಡೆಯುತ್ತದೆ. ಲಾಂಡ್ರಿಯಲ್ಲಿ ನಿಂತವಳ ಕಡೆಯಿಂದ ನೋಡಿದರೆ ಕೆಲ್ಲಿ ಅವರ ಭಯ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಕೊನೆಯದಾಗಿ, ಯಾರಿಗೆ ಸಿಗಲಿಲ್ಲ ಅನ್ನುವುದು. ನೀವು ನೋಡಿದ 1913ರ ಮೆರವಣಿಗೆಗೇ ಮರಳೋಣ. ಷಿಕಾಗೊದಲ್ಲಿ ಕಪ್ಪು ಹೆಂಗಸರ ಮತದಾನ ಸಂಘ ಕಟ್ಟಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಇಲಿನಾಯ್ ತಂಡದ ಜೊತೆ ಬಂದಿದ್ದರು. ದಕ್ಷಿಣದ ರಾಜ್ಯದವರು ಮುನಿಸಿಕೊಂಡಾರು ಅಂತ ಅವರಿಗೆ ಹಿಂದೆ ಕಪ್ಪು ಹೆಂಗಸರ ಸಾಲಿನಲ್ಲಿ ನಡೆಯಲು ಹೇಳಿದರು. ವೆಲ್ಸ್ ಒಪ್ಪಲಿಲ್ಲ. ಜನರ ಗುಂಪಿನಲ್ಲಿ ಕಾದು ನಿಂತು, ಇಲಿನಾಯ್ ತಂಡ ಹತ್ತಿರ ಬಂದಾಗ ಹೊರಬಂದು ಇಬ್ಬರು ಬಿಳಿಯ ಗೆಳತಿಯರ ನಡುವೆ ನಡೆದರು. ದಕ್ಷಿಣದ ರಾಜ್ಯಗಳಲ್ಲಿ 1920ರ ನಂತರವೂ ಮತದಾನ ತೆರಿಗೆ, ಓದು ಬರಹದ ಪರೀಕ್ಷೆ, ಬರೀ ಬೆದರಿಕೆ, ಹೀಗೆ ಒಂದಲ್ಲ ಒಂದು ರೀತಿ ಕಪ್ಪು ಹೆಂಗಸರನ್ನು ತಡೆದರು. ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ಮೂಲನಿವಾಸಿಗಳಿಗೆ ಪೌರತ್ವ ಪೂರ್ತಿಯಾಗಿ ಬಂದದ್ದೇ 1924ರಲ್ಲಿ, ಆಮೇಲೂ ಕೆಲವು ರಾಜ್ಯಗಳು ಓಟು ಕೊಡಲಿಲ್ಲ. ಏಷ್ಯಾದಿಂದ ಹೋದವರು ಪ್ರಜೆಗಳಾಗುವಂತೆಯೇ ಇರಲಿಲ್ಲ. ಭಾರತದಿಂದ ಹೋದವರಿಗೆ ಪೌರತ್ವ ಸಲ್ಲದು ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ದಾರಿ ತೆರೆದದ್ದು 1946ರಲ್ಲಿ. ಅಲ್ಲಿಯವರೆಗೆ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಹೆಂಗಸರಿಗೆ ಹತ್ತೊಂಬತ್ತನೇ ತಿದ್ದುಪಡಿ ಇದ್ದೂ ಇಲ್ಲದ ಹಾಗೆ.

ಕೂಲಿಯ ಲೆಕ್ಕದಲ್ಲೂ ಇದೇ ಗೆರೆ ಉಳಿಯಿತು. ಟ್ರಯಾಂಗಲ್ ಬೆಂಕಿ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯಾದರು, ಅಲ್ಲಿನ ಮಂತ್ರಿಮಂಡಲ ಸೇರಿದ ಮೊದಲ ಹೆಣ್ಣು ಅವರೇ. ಅವರ ಕಾಲದಲ್ಲಿ, 1938ರಲ್ಲಿ, ಗಂಡಸು ಹೆಂಗಸು ಇಬ್ಬರಿಗೂ ಅನ್ವಯಿಸುವ ಕನಿಷ್ಠ ಕೂಲಿ ಮತ್ತು ಕೆಲಸದ ಗಂಟೆಯ ಕಾನೂನು ದೇಶಕ್ಕೆಲ್ಲ ಬಂತು. ಅದರಿಂದ ಹೊಲಗೆಲಸದವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದುಡಿಯುವ ಕಪ್ಪು ಹೆಂಗಸರಲ್ಲಿ ಹೆಚ್ಚಿನವರು ಇದ್ದದ್ದು ಈ ಎರಡು ಕೆಲಸಗಳಲ್ಲೇ. ಮನೆಗೆಲಸದವರನ್ನು ಆ ಕಾನೂನಿನೊಳಗೆ ಸೇರಿಸಿಕೊಂಡದ್ದು 1974ರಲ್ಲಿ.